ಬರವಣಿಗೆ ಅವಳದು, ಸೂಜಿ ನನ್ನದು

೨೦೦೨ರ ಏಪ್ರಿಲ್‌ನಲ್ಲಿ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಒಂದು ಪಾತ್ರೆ ಅಂಗಡಿಗೂ ಒಂದು ಟೈಲರ್ ಅಂಗಡಿಗೂ ನಡುವೆ, ನಾನು ರಕ್ತ ಪರೀಕ್ಷೆಯ ಕಲೆಕ್ಷನ್ ಸೆಂಟರ್ ತೆರೆದೆ. ಆಗ ನನಗೆ ನಲವತ್ತನಾಲ್ಕು ವರ್ಷ. ಅದಕ್ಕೆ ಮುಂಚೆ ಇಪ್ಪತ್ತೊಂದು ವರ್ಷ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಕೊನೆಯ ಆರು ವರ್ಷ ಹೆಂಗಸರ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್. ದಾವಣಗೆರೆಯಲ್ಲಿ ತರಬೇತಿ ಮುಗಿಸಿ ಬಂದ ನನಗೆ ಬೆಂಗಳೂರು ಅಂದರೆ ಆ ವಾರ್ಡೇ ಆಗಿತ್ತು. ಅದನ್ನು ಬಿಟ್ಟು ಬಂದಾಗ ಜೊತೆಯವರು ಆಶ್ಚರ್ಯಪಟ್ಟರು. ಇನ್ನು ಸ್ವಲ್ಪ ವರ್ಷ ತಡೆದಿದ್ದರೆ ಪೂರ್ತಿ ಪಿಂಚಣಿ ಸಿಗುತ್ತಿತ್ತು.

ಬಿಟ್ಟ ಕಾರಣವನ್ನು ಆಗ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಮಂಡಿನೋವು ಅಂದಿದ್ದೆ. ನಿಜವಾದ ಕಾರಣ ಬೇರೆ. ರೋಗಿ ಗುಣವಾಗಿ ಮನೆಗೆ ಹೊರಡುವಾಗ ಮನೆಯವರೆಲ್ಲ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೈಮುಗಿಯುತ್ತಿದ್ದರು. ಹತ್ತು ದಿನ ಆ ರೋಗಿಯ ಮಗ್ಗುಲು ಬದಲಿಸಿದ ನಾನು ಬಾಗಿಲ ಪಕ್ಕದಲ್ಲೇ ನಿಂತಿರುತ್ತಿದ್ದೆ. ಒಮ್ಮೆಯಾದರೂ ಜನ ನನ್ನನ್ನು ಹುಡುಕಿಕೊಂಡು ಬರಬೇಕು ಎಂಬ ಆಸೆ ವರ್ಷ ವರ್ಷಕ್ಕೂ ಬೆಳೆಯುತ್ತಾ ಹೋಗಿತ್ತು.

ಫ್ರಾಂಚೈಸಿ ಅಂದರೆ ಆಗ ನಮ್ಮ ರಸ್ತೆಯವರಿಗೆ ಐಸ್‌ಕ್ರೀಂ ಪಾರ್ಲರ್, ಕಂಪ್ಯೂಟರ್ ಕ್ಲಾಸು. ನನ್ನದೂ ಅದೇ ಕ್ರಮ. ಹೆಸರು, ಬೋರ್ಡು, ಗೋಡೆಯ ಬಣ್ಣ, ಫಾರಂಗಳು, ನಿಯಮಗಳು ಎಲ್ಲವೂ ಕಂಪನಿಯವು. ಜಾಗ, ಫ್ರಿಜ್, ಕುರ್ಚಿ ನಮ್ಮವು, ಕೆಲಸದವರು ನಮ್ಮವರು. ನಾವು ರಕ್ತ ತೆಗೆದು ಟ್ಯೂಬಿಗೆ ತುಂಬಿ, ಹೆಸರಿನ ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ಇಡಬೇಕು. ಹತ್ತೂವರೆಗೆ ಕಂಪನಿಯ ವ್ಯಾನ್ ಬಂದು ಒಯ್ಯುತ್ತದೆ. ಪರೀಕ್ಷೆ ನಡೆಯುವುದು ಅವರ ದೊಡ್ಡ ಲ್ಯಾಬಿನಲ್ಲಿ. ಸೆಂಟರ್ ತೆರೆಯುವ ಮೊದಲು ಮೂರು ದಿನ ತರಬೇತಿ ಕೊಟ್ಟು, ಒಂದು ದಪ್ಪ ನಿಯಮಗಳ ಪುಸ್ತಕ ಕೊಟ್ಟರು. ಅದರಲ್ಲಿ ದಪ್ಪಕ್ಷರದಲ್ಲಿದ್ದ ನಿಯಮ ಒಂದೇ: ರಕ್ತ ತೆಗೆದ ಮೇಲೆ ರೋಗಿ ಕುರ್ಚಿಯಿಂದ ಏಳುವ ಮೊದಲೇ, ಅವರ ಬಾಯಿಂದಲೇ ಹೆಸರು ಹೇಳಿಸಿ, ಟ್ಯೂಬಿಗೆ ಚೀಟಿ ಅಂಟಿಸಬೇಕು. ಇಪ್ಪತ್ತೊಂದು ವರ್ಷ ಸರ್ವಿಸ್ ಆದವಳಿಗೆ ಇದನ್ನೆಲ್ಲ ಹೇಳಿಕೊಡುತ್ತಾರಲ್ಲ ಎಂದು ನಾನು ನಕ್ಕಿದ್ದೆ.

ಕೆಲಸಕ್ಕೆ ಒಬ್ಬರು ಬೇಕಿತ್ತು. ನಾನೇ ಯಶೋದಾಳನ್ನು ಕರೆದೆ. ಅವಳು ನನಗಿಂತ ಮೂರು ವರ್ಷ ಚಿಕ್ಕವಳು. ಕೆ.ಆರ್.ಪುರದ ಆಚೆಯ ಒಂದು ಹಳ್ಳಿಯವಳು. ನಮ್ಮ ಆಸ್ಪತ್ರೆಗೆ ಆಯಾ ಆಗಿ ಸೇರಿ, ಏಳು ವರ್ಷ ಆ ಕೆಲಸ ಮಾಡುತ್ತಲೇ ಸಂಜೆ ಕ್ಲಾಸಿಗೆ ಹೋಗಿ ಲ್ಯಾಬ್ ಟೆಕ್ನಿಷಿಯನ್ ಪರೀಕ್ಷೆ ಪಾಸು ಮಾಡಿದ್ದಳು. ಆಮೇಲೆ ಕಾಂಟ್ರ್ಯಾಕ್ಟ್ ಮೇಲೆ ಲ್ಯಾಬಿನಲ್ಲಿದ್ದಳು. ಆ ಕಾಂಟ್ರ್ಯಾಕ್ಟ್ ಮುಗಿದು ಮನೆಯಲ್ಲಿ ಕೂತಿದ್ದಾಗ ನಾನು ಹೋಗಿ ಕೇಳಿದೆ.

"ಬರ್ತೀನಿ ಸಿಸ್ಟರ್. ಆದ್ರೆ ನಾನು ಅಲ್ಲಿ ಏನಾಗಿರ್ತೀನಿ?" ಎಂದು ಕೇಳಿದಳು.

"ಟೆಕ್ನಿಷಿಯನ್ ಕಣೇ, ಇನ್ನೇನು," ಎಂದೆ. ಅಂಥ ಪ್ರಶ್ನೆ ಯಾಕೆ ಕೇಳಿದಳು ಎಂದು ನಾನು ಯೋಚಿಸಲಿಲ್ಲ.

ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುತ್ತಿದ್ದೆವು. ಊಟಕ್ಕೆ ಮೊದಲಿನ ಸಕ್ಕರೆ ಪರೀಕ್ಷೆಗೆ ಬರುವವರು ಏಳಕ್ಕೆಲ್ಲ ಬಂದುಬಿಡುತ್ತಿದ್ದರು. ಇಬ್ಬರೂ ರಕ್ತ ತೆಗೆಯುತ್ತಿದ್ದೆವು, ಯಾರಿಗೆ ಬಿಡುವಿದೆಯೋ ಅವರು. ನನಗೆ ನನ್ನ ಕೈಯ ಬಗ್ಗೆ ಹೆಮ್ಮೆ ಇತ್ತು. ಒಂದೇ ಚುಚ್ಚಿಗೆ ನರ ಹಿಡಿಯುವವಳು ಎಂದು ವಾರ್ಡಿನಲ್ಲಿ ನನಗೆ ಹೆಸರಿತ್ತು. ಬೇರೆ ವಾರ್ಡಿನವರು ನನ್ನನ್ನು ಕರೆಸಿಕೊಳ್ಳುತ್ತಿದ್ದರು.

ಜೂನ್‌ನಲ್ಲಿ ಹಲಸೂರಿನಿಂದ ಮಾಣಿಕ್ಯಂ ಎಂಬ ಹಿರಿಯರು ಬಂದರು. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮಗಳ ಮನೆ ನಮ್ಮ ಹಿಂದಿನ ಬೀದಿಯಲ್ಲಿತ್ತು. ಸಕ್ಕರೆ ಕಾಯಿಲೆ ಹಳೆಯದು, ತೋಳು ಗಟ್ಟಿಯಾಗಿ ನರಗಳು ಒಳಗೆ ಸೇರಿಹೋಗಿದ್ದವು. ನಾನು ಎರಡು ಸಲ ಚುಚ್ಚಿದೆ, ರಕ್ತ ಬರಲಿಲ್ಲ. ಅವರು ಹಲ್ಲು ಕಚ್ಚಿಕೊಂಡು ಕೂತಿದ್ದರು. ಯಶೋದಾ ಬಂದು, ಅವರ ಜೊತೆ ತಮಿಳಿನಲ್ಲಿ ಮೊಮ್ಮಗನ ವಿಚಾರ ಮಾತಾಡುತ್ತಾ, ಮುಂಗೈಯನ್ನು ಬಟ್ಟೆಯಿಂದ ಬೆಚ್ಚಗೆ ಉಜ್ಜಿ, ಹೆಬ್ಬೆರಳ ಪಕ್ಕದಲ್ಲಿ ಸೂಜಿ ಹಾಕಿದಳು. ಟ್ಯೂಬ್ ತುಂಬಿತು. ಅವರಿಗೆ ಗೊತ್ತೇ ಆಗಲಿಲ್ಲ.

ಮುಂದಿನ ತಿಂಗಳು ಬಂದಾಗ ಅವರು ನನ್ನ ಕುರ್ಚಿ ದಾಟಿ ಬೆಂಚಿನ ಮೇಲೆ ಕೂತರು. "ಅಂದ ಅಮ್ಮಾ ವರಲಿಯಾ?" ಎಂದು ಕೇಳಿದರು. ಆ ಅಮ್ಮ ಬಂದಿಲ್ಲವಾ ಎಂದು.

"ಬನ್ನಿ ಸಾರ್, ನಾನೇ ತೆಗೀತೀನಿ," ಎಂದೆ.

"ಪರ್ವಾಗಿಲ್ಲಮ್ಮ, ನಾನು ವೆಯ್ಟ್ ಮಾಡ್ತೀನಿ," ಎಂದು ಪೇಪರ್ ಬಿಡಿಸಿದರು.

ಅಲ್ಲಿಂದ ಶುರುವಾಯಿತು. ಅದಕ್ಕೆ ಆಗ ನಾನು ಹೊಟ್ಟೆಕಿಚ್ಚು ಎಂಬ ಹೆಸರು ಕೊಟ್ಟಿರಲಿಲ್ಲ. ಶಿಸ್ತು ಎಂದುಕೊಂಡಿದ್ದೆ. ಆದರೆ ದಿನವೂ ಲೆಕ್ಕ ಇಡುತ್ತಿದ್ದೆ, ಇವತ್ತು ಎಷ್ಟು ಜನ ಅವಳನ್ನು ಕೇಳಿದರು, ಎಷ್ಟು ಜನ ನನ್ನನ್ನು ಕೇಳಿದರು ಎಂದು. ನನ್ನನ್ನು ಕೇಳುವವರು ಕೇಳುತ್ತಿದ್ದದ್ದು ಒಂದೇ, "ಮೇಡಂ, ರಿಪೋರ್ಟ್ ಬಂತಾ?" ಅವಳು ಶಿವಾಜಿನಗರದವರ ಜೊತೆ ದಖ್ಖನಿ ಉರ್ದು ಮಾತಾಡುತ್ತಿದ್ದಳು, ಹಲಸೂರಿನವರ ಜೊತೆ ತಮಿಳು, ಕೆ.ಆರ್.ಪುರದ ಕಡೆಯವರ ಜೊತೆ ತೆಲುಗು. ನನಗೆ ಅವೆಲ್ಲ ಅರ್ಥವಾಗುತ್ತಿದ್ದವೇ ಹೊರತು ಬಾಯಿ ತೆರೆದರೆ ಬರುತ್ತಿದ್ದದ್ದು ಕನ್ನಡ, ಇಲ್ಲವೇ ಆಸ್ಪತ್ರೆ ಇಂಗ್ಲಿಷು. ಬೋರ್ಡಿನ ಕೆಳಗೆ ಪ್ರೊಪ್ರೈಟರ್ ಎಂದು ನನ್ನ ಹೆಸರೇ ಇತ್ತು. ಜನ ಬರುತ್ತಿದ್ದದ್ದು ಮಾತ್ರ ಅವಳಿಗಾಗಿ.

ನಾನು ಸಣ್ಣ ಸಣ್ಣ ಕೆಲಸ ಮಾಡತೊಡಗಿದೆ. ಅವಳ ಕುರ್ಚಿಯನ್ನು ಬಾಗಿಲಿನಿಂದ ಕಾಣದ ಹಾಗೆ ಪರದೆಯ ಹಿಂದೆ ಹಾಕಿಸಿದೆ. ಮನೆಗೆ ಹೋಗಿ ರಕ್ತ ತರುವ ಹೋಂ ವಿಸಿಟ್‌ಗಳನ್ನೆಲ್ಲ ಅವಳಿಗೇ ಕೊಟ್ಟೆ, ಬೆಳಗಿನ ಜನ ಅವಳನ್ನು ನೋಡದಿರಲಿ ಎಂದು. ಅದೂ ತಿರುಗುಬಾಣವಾಯಿತು. ಇಂದಿರಾನಗರದ ದೊಡ್ಡ ಮನೆಗಳವರು ಫೋನ್ ಮಾಡಿ, ಮುಂದಿನ ಸಲವೂ ಅವರನ್ನೇ ಕಳಿಸಿ ಎಂದರು.

ಒಂದು ದಿನ ಒಬ್ಬ ಕಾಲೇಜು ಮೇಷ್ಟ್ರು, "ನಿಮ್ಮಲ್ಲಿ ಯಶೋದಾ ಸಿಸ್ಟರ್ ತುಂಬ ಚೆನ್ನಾಗಿ ಮಾಡ್ತಾರೆ," ಎಂದರು.

"ಸಿಸ್ಟರ್ ಅಲ್ಲ ಸಾರ್ ಅವಳು. ಆಸ್ಪತ್ರೇಲಿ ನಮ್ಮ ವಾರ್ಡಲ್ಲಿ ಆಯಾ ಆಗಿದ್ಲು," ಎಂದುಬಿಟ್ಟೆ.

ಪರದೆಯ ಹಿಂದೆ ಯಶೋದಾ ಇದ್ದಳು. ಹೊರಗೆ ಬಂದು, ಕೈಗವಸು ಬಿಚ್ಚುತ್ತಾ, ಮೇಷ್ಟ್ರಿಗೆ ಹೇಳಿದಳು: "ಹೌದು ಸಾರ್. ಏಳು ವರ್ಷ ಬೆಡ್‌ಪ್ಯಾನ್ ತೊಳ್ದಿದೀನಿ. ಯಾರಿಗೆ ಎಲ್ಲಿ ನೋಯುತ್ತೆ ಅಂತ ಅಲ್ಲೇ ಕಲ್ತಿದ್ದು."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

೨೦೦೩ರ ಫೆಬ್ರವರಿಯಲ್ಲಿ ಕಂಪನಿಯ ಏರಿಯಾ ಮ್ಯಾನೇಜರ್ ಗಿರೀಶ್ ತಪಾಸಣೆಗೆ ಬಂದ. ಪೂರ್ವ ಬೆಂಗಳೂರಿನ ಸೆಂಟರ್‌ಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೂವತ್ತೈದರ ಆಸುಪಾಸಿನ ಚುರುಕು ಮನುಷ್ಯ. ಫ್ರಿಜ್ಜಿನ ತಾಪಮಾನ, ರಿಜಿಸ್ಟರು, ಸೂಜಿ ಹಾಕುವ ಡಬ್ಬ ಎಲ್ಲ ನೋಡಿ, ಕೊನೆಗೆ ಗ್ರಾಹಕರು ಅಭಿಪ್ರಾಯ ಬರೆದು ಹಾಕುವ ಕಾರ್ಡುಗಳ ಕಟ್ಟು ತೆಗೆದ.

"ಮೇಡಂ, ನಿಮ್ ಸೆಂಟರ್ ಫೀಡ್‌ಬ್ಯಾಕ್ ಸೂಪರ್. ಎಲ್ಲಾ ಕಾರ್ಡ್‌ಲ್ಲೂ ಯಶೋದಾ ಅವರ ಹೆಸರೇ. ಬರೋ ತಿಂಗ್ಳು ಇಂದಿರಾನಗರದಲ್ಲಿ ಎಲ್ಲಾ ಫ್ರಾಂಚೈಸಿ ಓನರ್‌ಗಳಿಗೂ ಒಂದು ಟ್ರೈನಿಂಗ್ ಇಟ್ಟಿದೀವಿ. ಕಷ್ಟದ ವೇನ್ ಹೇಗೆ ಹಿಡಿಯೋದು ಅಂತ ಅವರ ಕೈಲಿ ಡೆಮೋ ಮಾಡ್ಸೋಣ ಅಂತ."

ಅಂದರೆ ನಾನು ಉಳಿದ ಓನರ್‌ಗಳ ಜೊತೆ ಕೆಳಗೆ ಕುರ್ಚಿಯಲ್ಲಿ ಕೂತಿರಬೇಕು, ಅವಳು ಎದುರು ನಿಂತು ನನಗೆ ಹೇಳಿಕೊಡಬೇಕು. ಇಪ್ಪತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಎದುರು ನಿಲ್ಲಿಸಿರಲಿಲ್ಲ. "ನೋಡೋಣ," ಎಂದೆ. ಅವಳಿಗೆ ವಿಷಯ ಹೇಳಲಿಲ್ಲ.

ಅದರ ಮುಂದಿನ ಸೋಮವಾರ. ಶಟರ್ ಎತ್ತಿದ ಕೂಡಲೇ ಅವಳಿಗೆ ಹೇಳಿದೆ, "ಇವತ್ತಿಂದ ಕಲೆಕ್ಷನ್ ನಾನು ಮಾಡ್ತೀನಿ. ನೀನು ಬಿಲ್ಲಿಂಗಲ್ಲಿ ಕೂತ್ಕೋ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಆಯ್ತು ಸಿಸ್ಟರ್," ಎಂದು ಮೇಜಿನ ಹಿಂದೆ ಹೋಗಿ ರಿಜಿಸ್ಟರ್ ತೆರೆದಳು.

ಅವತ್ತು ಜನ ಜಾಸ್ತಿ. ಎಂಟೂವರೆಯ ಹೊತ್ತಿಗೆ ಇಬ್ಬರು ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲನೆಯವಳು ತಬಸ್ಸುಮ್, ಎಂಟು ತಿಂಗಳ ಬಸುರಿ, ಚೊಚ್ಚಲು. ಹೊಸೂರಿನ ಕಡೆಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದವಳು, ನಾಲ್ಕು ದಿನಕ್ಕೆಂದು ತಿಪ್ಪಸಂದ್ರದ ಅಕ್ಕನ ಮನೆಯಲ್ಲಿದ್ದಳು. ಹಳೆಯ ರಿಪೋರ್ಟುಗಳೆಲ್ಲ ಹೊಸೂರಲ್ಲೇ ಉಳಿದಿದ್ದರಿಂದ ಬ್ಲಡ್ ಗ್ರೂಪಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಿಸಬೇಕಿತ್ತು. ಎರಡನೆಯವರು ಲೀಲಾವತಿ ಎಂಬ ಶಾಲಾ ಶಿಕ್ಷಕಿ, ಒಂದು ಸಣ್ಣ ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆ ಬಂದವರು. ಇಬ್ಬರ ನರಗಳೂ ಕಷ್ಟದವು. ಇಬ್ಬರಿಗೂ ಒಂದೇ ಚುಚ್ಚಿಗೆ ರಕ್ತ ಬಂತು.

ನನಗಾದ ಸಂತೋಷವನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಲೀಲಾವತಿಯವರ ತೋಳಿಗೆ ಹತ್ತಿ ಒತ್ತುತ್ತಾ ನಾನು ಬಿಲ್ಲಿಂಗ್ ಮೇಜಿನ ಕಡೆ ತಿರುಗಿ ನೋಡಿದೆ. ಯಶೋದಾ ನೋಡಿದಳಾ ಎಂದು ನನಗೆ ಗೊತ್ತಾಗಬೇಕಿತ್ತು. ಅವಳು ಬರೆಯುತ್ತಿದ್ದಳು. ತಲೆ ಎತ್ತಲಿ ಎಂದು ಕಾದೆ. ಅಷ್ಟರಲ್ಲಿ ಲೀಲಾವತಿ ಎದ್ದರು, ಇನ್ನೊಬ್ಬರು ಬಂದು ಕೂತರು. ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರ ಟ್ಯೂಬುಗಳೂ ಚೀಟಿ ಇಲ್ಲದೆ ನಿಂತಿದ್ದವು. ಐದು ನಿಮಿಷದ ಮೇಲೆ ಅಂಟಿಸಿದೆ. ಇದು ಇವರದು, ಇದು ಅವರದು ಎಂದು ಖಚಿತವಾಗಿ ಗೊತ್ತಿದೆ ಅಂದುಕೊಂಡೇ ಅಂಟಿಸಿದೆ.

ಬುಧವಾರ ಮಧ್ಯಾಹ್ನ ಲೀಲಾವತಿ ವಾಪಸ್ ಬಂದರು. ಕೈಯಲ್ಲಿ ನಮ್ಮ ರಿಪೋರ್ಟು, ಜೊತೆಗೆ ಒಂದು ರಕ್ತದಾನಿಯ ಕಾರ್ಡು.

"ಮೇಡಂ, ನಾನು ನಾಲ್ಕು ಸಲ ಬ್ಲಡ್ ಕೊಟ್ಟಿದೀನಿ. ನಂದು ಬಿ ಪಾಸಿಟಿವ್. ನೀವು ಓ ನೆಗೆಟಿವ್ ಅಂತ ಕೊಟ್ಟಿದೀರಲ್ಲ?"

ನಾನು ಸೋಮವಾರದ ರಿಪೋರ್ಟುಗಳ ನಕಲು ತೆಗೆದು ನೋಡಿದೆ. ತಬಸ್ಸುಮ್‌ಳದು ಬಿ ಪಾಸಿಟಿವ್ ಎಂದು ಹೋಗಿತ್ತು. ಹಿಂದಿನ ಸಂಜೆಯೇ ಅವಳ ಅಕ್ಕ ಬಂದು ಒಯ್ದಿದ್ದಳು.

ಇದರ ಅರ್ಥವನ್ನು ವಿವರಿಸಬೇಕು. ತಾಯಿಯ ರಕ್ತ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ, ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಆಂಟಿ-ಡಿ ಎಂಬ ಇಂಜೆಕ್ಷನ್ ಕೊಡಬೇಕು. ಕೊಡದಿದ್ದರೆ ತಾಯಿಯ ದೇಹ ಮುಂದಿನ ಮಗುವಿನ ರಕ್ತವನ್ನೇ ಶತ್ರುವೆಂದು ತಿಳಿದು ನಾಶಮಾಡಬಹುದು. ಕೈಯಲ್ಲಿ ಪಾಸಿಟಿವ್ ಎಂಬ ರಿಪೋರ್ಟ್ ಇದ್ದರೆ ಆ ಇಂಜೆಕ್ಷನ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ತುರ್ತಾಗಿ ರಕ್ತ ಕೊಡಬೇಕಾಗಿ ಬಂದರಂತೂ ತಪ್ಪು ಗುಂಪಿನಿಂದ ಜೀವಕ್ಕೇ ಅಪಾಯ. ಇದನ್ನು ನಾನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳಿದ್ದೆ.

ಯಶೋದಾ ಹೋಂ ವಿಸಿಟ್‌ಗೆ ಹೋಗಿದ್ದಳು. ನಾನು ಗಿರೀಶ್‌ಗೆ ಫೋನ್ ಮಾಡಿ ಆದದ್ದು ತಿಳಿಸಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಕಲೆಕ್ಟ್ ಮಾಡಿದ್ಯಾರು ಮೇಡಂ?"

ರಿಜಿಸ್ಟರ್ ನನ್ನ ಮುಂದೆಯೇ ತೆರೆದಿತ್ತು. ರಕ್ತ ತೆಗೆದವರು ಸಹಿ ಹಾಕುವ ಕಾಲಮ್ಮಿನಲ್ಲಿ ಆ ದಿನ ನಾನು ಸಹಿ ಹಾಕಿರಲಿಲ್ಲ. ಇಡೀ ಪುಟ ಯಶೋದಾಳ ದುಂಡಕ್ಷರದಲ್ಲಿತ್ತು.

"ರಿಜಿಸ್ಟರ್‌ನಲ್ಲಿ ಯಶೋದಾ ಬರವಣಿಗೆ ಇದೆ," ಎಂದೆ.

ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ಜೀವನದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳೂ ಅದೇ.

"ಓಹ್. ರೂಲ್ ಗೊತ್ತಲ್ಲ ಮೇಡಂ, ಲೇಬಲ್ ಮಿಸ್ಟೇಕ್ ಆದ್ರೆ ಆ ಸ್ಟಾಫ್‌ನ ಇಟ್ಕೊಳ್ಳೋ ಹಾಗಿಲ್ಲ. ಶುಕ್ರವಾರ ಬರ್ತೀನಿ. ಮೊದ್ಲು ಆ ಪೇಶೆಂಟ್‌ನ ಟ್ರೇಸ್ ಮಾಡಿ," ಎಂದು ಅವನು ಫೋನಿಟ್ಟ.

ಯಶೋದಾ ಬಂದಾಗ ಇಬ್ಬರ ರಿಪೋರ್ಟ್ ಅದಲುಬದಲಾಗಿದೆ ಎಂದಷ್ಟೇ ಹೇಳಿದೆ. ಯಾರಿಂದ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಲೀಲಾವತಿಯವರ ರಕ್ತವನ್ನು ಅವಳೇ ಮತ್ತೆ ತೆಗೆದು, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಚೀಲಕ್ಕೆ ಟ್ಯೂಬು, ಸೂಜಿ, ಹತ್ತಿ ತುಂಬಿಕೊಳ್ಳುತ್ತಾ, "ಮೊದ್ಲು ಆ ಹುಡ್ಗೀನ ಹುಡ್ಕೋಣ ಸಿಸ್ಟರ್," ಎಂದಳು.

ಫಾರಂನಲ್ಲಿದ್ದ ಅಕ್ಕನ ಮನೆಗೆ ಹೋದರೆ ಬೀಗ. ಪಕ್ಕದ ಮನೆಯವರು, ಎಲ್ಲರೂ ಅಮ್ಮನ ಮನೆಗೆ ಹೋದರು, ಶಿವಾಜಿನಗರ, ರಸೆಲ್ ಮಾರುಕಟ್ಟೆ ಹಿಂದೆ ಎಲ್ಲೋ ಎಂದರು. ಫೋನ್ ನಂಬರ್ ಅವರಿಗೂ ಗೊತ್ತಿರಲಿಲ್ಲ. ಫಾರಂನಲ್ಲಿ ಡಾಕ್ಟರ ಹೆಸರಿನ ಜಾಗವನ್ನು ತುಂಬಿಸಿಕೊಳ್ಳುವುದನ್ನೂ ನಾವು ಮರೆತಿದ್ದೆವು. ಮಾರುಕಟ್ಟೆಯ ಹಿಂದೆ ಎಂದರೆ ಸಾವಿರ ಮನೆಗಳು.

"ಅವಳಪ್ಪ ಹಾಸಿಗೆ ಹೊಲೀತಾರಂತೆ," ಎಂದಳು ಯಶೋದಾ. "ಬಿಲ್ ಬರೀವಾಗ ಮಾತಾಡ್ತಾ ಇದ್ಲು. ಮಗೂಗೆ ಅಂತ ಆಗ್ಲೇ ಹಾಸಿಗೆ ಹೊಲ್ದಿಟ್ಟಿದಾರಂತೆ."

ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋದೆವು. ಅವಳು ಕಿಟಕಿ ಪಕ್ಕ ಕೂತಿದ್ದಳು, ಚೀಲ ತೊಡೆಯ ಮೇಲೆ. ದೊಮ್ಮಲೂರು ದಾಟುವಾಗ ಒಮ್ಮೆ, ಹಲಸೂರು ಕೆರೆಯ ಹತ್ತಿರ ಒಮ್ಮೆ, ಫೋನಿನ ವಿಷಯ ಹೇಳಿಬಿಡೋಣ ಅಂದುಕೊಂಡೆ. ಹೇಳಲಿಲ್ಲ. ಮೊದಲು ಹುಡುಗಿ ಸಿಗಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಅವಳು ಮುಂದೆ, ನಾನು ಹಿಂದೆ. ಹೂವಿನವರು, ಮಾಂಸದಂಗಡಿಯವರು, ಪಾತ್ರೆಗೆ ಕಲಾಯಿ ಹಾಕುವವನು, ಎಲ್ಲರನ್ನೂ ದಖ್ಖನಿಯಲ್ಲಿ ಕೇಳುತ್ತಾ ಹೋದಳು. ಜನ ಕೆಲಸ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಿದ್ದರು. ಒಂದು ಜೀವಕ್ಕೇ ಕುತ್ತು ಬಂದಿರುವಾಗ, ಅದೂ ನನ್ನ ತಪ್ಪಿನಿಂದ ಬಂದಿರುವಾಗ, ನನ್ನ ತಲೆಯಲ್ಲಿ ಏನಿತ್ತು ಎಂದು ಇಲ್ಲಿ ಬರೆಯಲೇಬೇಕು: ಇವರು ಇವಳಿಗೆ ಯಾಕೆ ಇಷ್ಟು ಬೇಗ ಒಲಿಯುತ್ತಾರೆ? ಆಗಲೂ ಹೊಟ್ಟೆ ಉರಿಯಿತು.

ಹತ್ತಿ ಹಿಂಜುವ ಮೊದಲ ಎರಡು ಅಂಗಡಿಗಳಲ್ಲಿ ಗೊತ್ತಿಲ್ಲ ಎಂದರು. ಮೂರನೆಯದರಲ್ಲಿ ಗಡ್ಡದ ತುಂಬ ಹತ್ತಿಯ ಎಳೆ ಅಂಟಿಸಿಕೊಂಡಿದ್ದ ಒಬ್ಬರು ಎದ್ದು ನಿಂತರು. ತಬಸ್ಸುಮ್ ಅವರ ಎರಡನೆಯ ಮಗಳು.

ಮನೆ ಅಂಗಡಿಯ ಮೇಲೆಯೇ ಇತ್ತು. ತಬಸ್ಸುಮ್ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಯಶೋದಾ ಅವಳ ಪಕ್ಕ ನೆಲದ ಮೇಲೆ ಕೂತು, ಹೆದರಿಸದೆ, ನಿಧಾನವಾಗಿ ವಿಷಯ ಹೇಳಿದಳು. ರಿಪೋರ್ಟ್ ಬದಲಾಗಿದೆ, ಇನ್ನೊಮ್ಮೆ ರಕ್ತ ತೆಗೆಯುತ್ತೇವೆ, ಸರಿಯಾದದ್ದು ಬರುವ ತನಕ ಆ ಕಾಗದದಲ್ಲಿರುವ ರಕ್ತದ ಗುಂಪನ್ನು ಯಾರಿಗೂ ಹೇಳಬೇಡ. ತಪ್ಪು ರಿಪೋರ್ಟನ್ನು ಕೇಳಿ ವಾಪಸ್ ತೆಗೆದುಕೊಂಡಳು. ತಾಯಿ ನಮ್ಮಿಬ್ಬರನ್ನೂ ನೋಡಿ, "ಕಿಸ್ಕೀ ಗಲ್ತೀ ಹೈ?" ಎಂದು ಕೇಳಿದರು. ಯಾರ ತಪ್ಪು?

ನನಗೆ ಅರ್ಥವಾಗಿತ್ತು. ಯಶೋದಾ ನನ್ನ ಕಡೆ ತಿರುಗಲಿಲ್ಲ.

"ಹಮಾರೀಚ್ ಗಲ್ತೀ, ಅಮ್ಮಾ," ಎಂದಳು. ನಮ್ಮದೇ ತಪ್ಪಮ್ಮ.

ಅವಳೇ ರಕ್ತ ತೆಗೆದಳು. ತಬಸ್ಸುಮ್‌ಳ ಬಾಯಿಂದ ಹೆಸರು ಹೇಳಿಸಿ, ಅವಳ ಪಕ್ಕದಲ್ಲೇ ಕೂತು ಚೀಟಿ ಅಂಟಿಸಿ, ಅವಳಿಗೇ ತೋರಿಸಿದಳು. ನಾನು ಹತ್ತಿ ಹಿಡಿದುಕೊಂಡು ನಿಂತಿದ್ದೆ.

ಶುಕ್ರವಾರ ಗಿರೀಶ್ ಒಂದು ಟೈಪ್ ಮಾಡಿದ ಕಾಗದ ತಂದು ಯಶೋದಾಳ ಮುಂದಿಟ್ಟ. ತನ್ನ ಅಜಾಗರೂಕತೆಯಿಂದ ತಪ್ಪಾಗಿದೆ, ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. "ಸೈನ್ ಮಾಡ್ಬಿಡಿ, ಮುಗಿಸ್ಬಿಡೋಣ," ಎಂದ. ಅವನಿಗೂ ಬೇಸರವಾಗಿತ್ತು, ಅವಳ ಮುಖ ನೋಡುತ್ತಿರಲಿಲ್ಲ.

ಅವಳು ಪೂರ್ತಿ ಓದಿದಳು. ರಿಜಿಸ್ಟರ್ ಎಳೆದುಕೊಂಡು ಸೋಮವಾರದ ಪುಟ ತೆಗೆದು ನೋಡಿದಳು. ಏನಾಗಿದೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಬರವಣಿಗೆ ನಂದೇ ಸಾರ್," ಎಂದಳು. "ಸೂಜಿ ನಂದಲ್ಲ."

ಗಿರೀಶ್ ನನ್ನ ಕಡೆ ನೋಡಿದ. ಯಶೋದಾಳೂ ನೋಡಿದಳು. ಅವಳು ಕಾಯುತ್ತಿದ್ದಳು. ಪಕ್ಕದ ಅಂಗಡಿಯ ಹೊಲಿಗೆ ಯಂತ್ರ ಓಡಿ ನಿಂತಿತು, ಮತ್ತೆ ಓಡಿತು. ನಾನು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಡುತ್ತಿದ್ದೆ.

ಅವಳು ಕಾಗದವನ್ನು ಸಹಿ ಮಾಡದೆ ಗಿರೀಶ್‌ನ ಕಡೆ ತಳ್ಳಿದಳು. ಒಳಗೆ ಹೋಗಿ ಬಿಳಿ ಕೋಟು ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಳು. ಬೀದಿಯಲ್ಲಿ ಮಾಣಿಕ್ಯಂ ಅವರು ಎದುರಾದರು. ಅವರೊಡನೆ ಏನೋ ಹೇಳಿ, ನಕ್ಕು, ಬಸ್ ಸ್ಟಾಪಿನ ಕಡೆ ಹೋದಳು.

ಅದೇ ಸಂಜೆ ತಬಸ್ಸುಮ್‌ಳ ಹೊಸ ರಿಪೋರ್ಟ್ ಬಂತು. ಓ ನೆಗೆಟಿವ್. ಶನಿವಾರ ನಾನೇ ಒಯ್ದು ಕೊಟ್ಟು, ಅವಳ ಡಾಕ್ಟರನ್ನು ಕಂಡು ವಿಷಯ ತಿಳಿಸಿ ಬಂದೆ. ಮನೆಯಲ್ಲಿ ತಾಯಿ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಇಣುಕಿ ನೋಡಿದರು. "ಆ ಬಾಯಿ ಎಲ್ಲಿ?" ಎಂದರು, ಆ ಹೆಂಗಸು ಎಲ್ಲಿ ಎಂದು. ರಜೆ ಎಂದೆ. ಅವರು ಒಳಗಿನಿಂದ ಒಂದು ಸಣ್ಣ ದಿಂಬು ತಂದರು. ನೀಲಿ ಹೂವಿನ ಬಟ್ಟೆಯದು, ಅಂಚಿಗೆ ಕೈಹೊಲಿಗೆ. "ಅವರಿಗೆ ಕೊಡಿ. ಇಷ್ಟು ದೂರ ಹುಡುಕಿಕೊಂಡು ಬಂದರಲ್ಲ. ಅವರ ಯಜಮಾನ್ರು ಹೊಲಿದದ್ದು ಅಂತ ಹೇಳಿ, ಅಂದರೆ ನಮ್ಮ ಯಜಮಾನ್ರು," ಎಂದು ತಮ್ಮ ಮುರುಕು ಕನ್ನಡದಲ್ಲಿ ಹೇಳಿ ತಾವೇ ನಕ್ಕರು.

ಆ ದಿಂಬು ಐದು ದಿನ ಸೆಂಟರಿನ ಕಪಾಟಿನಲ್ಲಿತ್ತು. ನಾನೂ ಅದೇ ಬಸ್ಸಿನಲ್ಲಿ ಹೋಗಿ, ಅದೇ ಗಲ್ಲಿಗಳಲ್ಲಿ ನಡೆದವಳಲ್ಲವಾ ಎಂದು ಮೊದಲ ದಿನ ಅನ್ನಿಸಿತು. ಎರಡನೆಯ ದಿನ ಅದನ್ನು ಮನೆಗೆ ಒಯ್ದುಬಿಡೋಣ ಅನ್ನಿಸಿತು. ಆ ಯೋಚನೆ ಬಂದ ಕೂಡಲೇ ನನ್ನ ಬಗ್ಗೆ ನನಗೇ ಭಯವಾಯಿತು. ಒಬ್ಬಳ ಕೆಲಸ ಕಸಿದುಕೊಂಡು, ಅವಳಿಗೆ ಬಂದ ಒಂದು ದಿಂಬಿನ ಮೇಲೂ ಕಣ್ಣು ಹಾಕುವ ಹೆಂಗಸು ನಾನಾಗಿದ್ದೆ. ಆಮೇಲಿನ ದಿನಗಳಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಅವಳನ್ನು ಕೇಳಿದರು. ಊರಿಗೆ ಹೋಗಿದ್ದಾಳೆ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಮಾಣಿಕ್ಯಂ ಅವರು ಮಾತ್ರ ಸುಮ್ಮನೆ ನನ್ನ ಮುಖ ನೋಡಿ, ರಕ್ತ ಕೊಡದೆ ಎದ್ದು ಹೋದರು.

ಐದನೆಯ ದಿನ ಕಂಪನಿಗೆ ಕಾಗದ ಬರೆದೆ. ಸೋಮವಾರ ಆ ಎರಡೂ ಸ್ಯಾಂಪಲ್ ತೆಗೆದವಳು ನಾನು. ಚೀಟಿ ತಡವಾಗಿ ಅಂಟಿಸಿದವಳು ನಾನು. ಏರಿಯಾ ಮ್ಯಾನೇಜರ್ ಕೇಳಿದಾಗ ತಪ್ಪು ತಿಳುವಳಿಕೆಯಾಗುವ ಹಾಗೆ ಉತ್ತರ ಕೊಟ್ಟವಳೂ ನಾನು. ಕಾರಣ ಹೇಳುವ ಜಾಗದಲ್ಲಿ ಮೊದಲು ಕೆಲಸದ ಒತ್ತಡ ಎಂದು ಬರೆದೆ. ಅದನ್ನು ಹೊಡೆದು ಹಾಕಿ, ಅಸೂಯೆ ಎಂದು ಬರೆದೆ.

ಕಂಪನಿಯವರು ಒಂದು ತಿಂಗಳು ಸೆಂಟರ್ ಮುಚ್ಚಿಸಿದರು. ಗಿರೀಶ್ ಬಂದು ಶಟರಿಗೆ ನೋಟಿಸು ಅಂಟಿಸುವಾಗ, "ಯಾಕ್ ಮೇಡಂ ಹೀಗ್ ಮಾಡಿದ್ರಿ?" ಎಂದ. ತಪ್ಪಿನ ವಿಚಾರ ಕೇಳಿದನೋ, ಕಾಗದದ ವಿಚಾರ ಕೇಳಿದನೋ ಗೊತ್ತಾಗಲಿಲ್ಲ. ಲೀಲಾವತಿಯವರ ಮನೆಗೂ, ತಬಸ್ಸುಮ್‌ಳ ಮನೆಗೂ ಹೋಗಿ ನಾನೇ ತಪ್ಪು ಮಾಡಿದವಳು ಎಂದು ಹೇಳಿ ಬಂದೆ.

ಯಶೋದಾಳ ಮನೆಗೆ ದಿಂಬು ಮತ್ತು ಕಾಗದದ ನಕಲು ತೆಗೆದುಕೊಂಡು ಹೋದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಅವಳ ಟೆಕ್ನಿಷಿಯನ್ ಸರ್ಟಿಫಿಕೇಟು, ಎರಡಕ್ಕೂ ಒಂದೇ ಅಳತೆಯ ಚೌಕಟ್ಟು. ಅವಳು ಚಹಾ ಮಾಡಿ ಕೊಟ್ಟಳು. ಕಾಗದ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳೆಂದು ಅವಳ ಕಣ್ಣಿನಿಂದ ಗೊತ್ತಾಯಿತು.

"ನಂಗೆ ಗೊತ್ತಿತ್ತು ಸಿಸ್ಟರ್," ಎಂದಳು. "ಕುರ್ಚಿ ಪರದೆ ಹಿಂದೆ ಹಾಕ್ಸಿದ್ರಲ್ಲ, ಆವತ್ತೇ."

"ವಾಪಸ್ ಬಾ ಯಶೋದಾ."

"ಇಲ್ಲ. ಕೋಪ ಅಂತಲ್ಲ. ಆವತ್ತು ಗಿರೀಶ್ ಸಾರ್ ಮುಂದೆ ನೀವು ಬಾಯಿ ಬಿಡ್ತೀರ ಅಂತ ಕಾದೆ. ಬಸ್ ಸ್ಟಾಪಲ್ಲೂ ಕಾದೆ, ಮೂರು ಬಸ್ ಬಿಟ್ಟೆ. ಇನ್ನೊಂದ್ಸಲ ಹಂಗೆ ಕಾಯಕ್ಕೆ ನಂಗಾಗಲ್ಲ."

ದಿಂಬನ್ನು ಅವಳ ಕೈಗೆ ಕೊಟ್ಟು, ಯಾರು ಕಳಿಸಿದ್ದೆಂದು ಹೇಳಿದೆ. ಅವಳು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. "ಮಗು ಆಯ್ತಾ?" ಎಂದು ಕೇಳಿದಳು. ಆಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಹೆಣ್ಣು ಮಗುವಾಯಿತು, ಪಾಸಿಟಿವ್ ರಕ್ತದ್ದು. ತಬಸ್ಸುಮ್‌ಗೆ ಎರಡನೆಯ ದಿನವೇ ಇಂಜೆಕ್ಷನ್ ಕೊಟ್ಟರು.

೨೦೦೪ರಲ್ಲಿ ಯಶೋದಾ ಅದೇ ಕಂಪನಿಯ ಫ್ರಾಂಚೈಸಿಗೆ ಅರ್ಜಿ ಹಾಕಿದಳು, ಬಾಣಸವಾಡಿಯಲ್ಲಿ. ಅರ್ಜಿಯ ಜೊತೆ ಹಿಂದೆ ಕೆಲಸ ಮಾಡಿದ ಕಡೆಯ ಶಿಫಾರಸು ಪತ್ರ ಬೇಕಿತ್ತು. ಗಿರೀಶ್ ಫೋನ್ ಮಾಡಿ ಕೇಳಿದ. ನಾನು ಎರಡು ಪುಟ ಬರೆದೆ. ಬರೆಯುವಾಗ ಮನಸ್ಸು ತುಂಬಿ ಬಂತು ಎಂದು ಹೇಳಿದರೆ ಓದುವವರಿಗೆ ಹಿತವಾಗಿರುತ್ತದೆ. ಹಾಗಾಗಲಿಲ್ಲ. ಅವಳ ಕೈ ಹಗುರ ಎಂದು ಬರೆಯುವ ಕಡೆ ಪೆನ್ನು ನಿಂತಿತು. ಎದ್ದು ಹೋಗಿ ನೀರು ಕುಡಿದು ಬಂದು ಆ ಸಾಲು ಬರೆದೆ.

ಅವಳ ಸೆಂಟರ್ ತೆರೆದ ದಿನ ಅವಳು ನನ್ನನ್ನು ಕರೆದಿರಲಿಲ್ಲ. ಗಿರೀಶ್ ಹೇಳಿದ್ದರಿಂದ ಹೋದೆ. ರೈಲ್ವೆ ಸ್ಟೇಷನ್ ಕಡೆಯ ರಸ್ತೆಯಲ್ಲಿ, ಬೆಳಗಿನ ಏಳೂವರೆಗೇ, ಬಾಗಿಲಾಚೆ ಹನ್ನೊಂದು ಜನ ನಿಂತಿದ್ದರು. ನನ್ನ ಸೆಂಟರಿನಲ್ಲಿ ಮೊದಲ ದಿನ ಬಂದವರು ಮೂರೇ ಜನ. ಎದೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಎದುರಿನ ಮರದ ಕೆಳಗೆ ನಿಂತು, ಅದು ಇಳಿಯುವ ತನಕ ಕಾದೆ. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋದೆ. ಅವಳು ಸೂಜಿ ಹಿಡಿದಿದ್ದಳು, ತಲೆಯಾಡಿಸಿ ಕೂರಲು ಹೇಳಿದಳು. ಕೆಲಸ ಮುಗಿಸಿ ಬಂದು ಎರಡು ಮಾತಾಡಿದಳು. ಸ್ನೇಹ ಮೊದಲಿನಂತೆ ಆಗಲಿಲ್ಲ. ಹಬ್ಬಕ್ಕೆ ಫೋನ್ ಮಾಡಿಕೊಳ್ಳುವಷ್ಟು ಉಳಿಯಿತು.

ನಾನು ೨೦೦೯ರ ತನಕ ಸೆಂಟರ್ ನಡೆಸಿದೆ. ಅಷ್ಟು ವರ್ಷಗಳಲ್ಲಿ ನಾಲ್ವರು ಟೆಕ್ನಿಷಿಯನ್‌ಗಳು ನನ್ನ ಹತ್ತಿರ ಕೆಲಸ ಮಾಡಿದರು. ಅವರಲ್ಲಿ ಇಬ್ಬರ ಕೈ ನನ್ನದಕ್ಕಿಂತ ಚೆನ್ನಾಗಿತ್ತು, ಜನ ಅವರನ್ನೇ ಕೇಳುತ್ತಿದ್ದರು. ಹೊಟ್ಟೆಕಿಚ್ಚು ಹೋಗುತ್ತದೆ ಎಂದು ನಾನು ಯಾರಿಗೂ ಹೇಳಲಾರೆ, ನನ್ನದು ಹೋಗಲಿಲ್ಲ. ಕೆಲಸ ನನಗೆ ಕಲಿಸಿದ್ದು ಅದಕ್ಕಿಂತ ಸಣ್ಣದು. ಆ ಕಿಚ್ಚು ಬಂದದ್ದು ಗೊತ್ತಾದ ಕ್ಷಣ ರೋಗಿಯ ತೋಳಿನಿಂದ ಕೈ ತೆಗೆಯಬೇಕು. "ನೀನು ತೆಗಿ, ನಾನು ಬಿಲ್ ಬರೀತೀನಿ," ಎಂದು ಎದ್ದು ಹೋಗಬೇಕು. ಆರು ವರ್ಷದಲ್ಲಿ ಎಷ್ಟೋ ಬೆಳಿಗ್ಗೆ ನಾನು ಹಾಗೆ ಎದ್ದು ಹೋಗಿ ಮೇಜಿನ ಹಿಂದೆ ಕೂತೆ.